ತಾಂಬೂಲವೋ, ಮುಯ್ಯಿಯೋ?

ಅಲ್ ಥುಮಾಮಾದಲ್ಲಿ ಗುರುವಾರದ ರಾತ್ರಿಗೆ ಒಂದು ವಿಶೇಷ ಬೆಲೆ ಉಂಟು. ಮರುದಿನ ಶುಕ್ರವಾರ, ರಜೆ. ಇಲ್ಲಿನ ನಮ್ಮ ಒಂಬತ್ತು ಕನ್ನಡ ಸಂಸಾರಗಳು ಚಳಿಗಾಲ ಬಂತೆಂದರೆ ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುವ ಪದ್ಧತಿ ಇಟ್ಟುಕೊಂಡಿವೆ. ಈ ಕೂಟಕ್ಕೆ ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ, ಚಂದಾ ಹಣವೂ ಇಲ್ಲ. ಮಂಗಳೂರಿನವರ ಮನೆಯಾದರೆ ನೀರುದೋಸೆ, ಮೈಸೂರಿನವರ ಮನೆಯಾದರೆ ಬಿಸಿಬೇಳೆಭಾತು, ಧಾರವಾಡದ ಕಡೆಯವರ ಮನೆಯಾದರೆ ಜೋಳದ ರೊಟ್ಟಿ, ಎಣ್ಣೆಗಾಯಿ. ಉಂಡು, ಹರಟೆ ಹೊಡೆದು, ಮಕ್ಕಳನ್ನು ಎಬ್ಬಿಸಿಕೊಂಡು ಮನೆಗೆ ಹೋಗುವುದು. ಇಷ್ಟೇ ಕಾರ್ಯಕ್ರಮ.

ಎರಡು ವರ್ಷದ ಹಿಂದೆ ಒಂದು ಮನೆಯವರು ಹೊರಡುವವರ ಕೈಗೆ ಒಂದೊಂದು ಸಕ್ಕರೆ ಅಚ್ಚು ಇಟ್ಟರು. ಗಿಳಿ, ಆನೆ, ಮೀನು, ಬೃಂದಾವನ. ಯಾರಿಗೆ ಯಾವುದು ಒಪ್ಪುತ್ತದೆ ಎಂದು ಯೋಚಿಸಿ, ಚಿಕ್ಕ ಚೀಟಿಯಲ್ಲಿ ಹೆಸರು ಬರೆದು ಕಟ್ಟಿದ್ದರು. ಸದಾ ಮಾತಾಡುವ ನಮ್ಮೊಬ್ಬ ಮಿತ್ರರಿಗೆ ಗಿಳಿ ಬಂದದ್ದು ನೋಡಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಲ್ಲರಿಗೂ ಅದು ಹಿಡಿಸಿತು. ಮುಂದಿನ ಸರದಿ ನಮ್ಮದು. ಇಲ್ಲಿ ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಸಕ್ಕರೆ ಅಚ್ಚಿಗಿಂತ ಒಂದು ಕೈ ಮೇಲಾಗಿರಲಿ ಎಂದು ನಾವು ಪ್ರತಿಯೊಬ್ಬರ ಹೆಸರು, ಫೋಟೋ ಅಚ್ಚು ಹಾಕಿಸಿದ ಪಿಂಗಾಣಿ ಮಗ್ಗುಗಳನ್ನು ಮಾಡಿಸಿದೆವು. ನಮ್ಮ ನಂತರದವರು ಹೆಸರು ಬರೆಸಿದ ಪೆಟ್ಟಿಗೆಯಲ್ಲಿ ಅತ್ತರಿನ ಶೀಶೆ ಕೊಟ್ಟರು. ಅವರ ನಂತರದವರು ಬೆಳ್ಳಿಯ ಕುಂಕುಮದ ಭರಣಿ ಕೊಟ್ಟರು. ಕಳೆದ ಚಳಿಗಾಲದ ಹೊತ್ತಿಗೆ ನಮ್ಮಲ್ಲಿ ಹೊಸದಾಗಿ ಸೇರಿದ್ದ ಒಂದು ಎಳೆಯ ಸಂಸಾರ ಬರುವುದನ್ನು ನಿಲ್ಲಿಸಿತು. ಎರಡು ಸಲ ಫೋನು ಮಾಡಿದಾಗ "ಡ್ಯೂಟಿ ಇದೆ ಸಾರ್" ಎಂದರು. ಮೂರನೆಯ ಸಲ ಸ್ವಲ್ಪ ಒತ್ತಾಯಿಸಿ ಕೇಳಿದಾಗ ಆ ಯುವಕರು ತಡವರಿಸುತ್ತಾ ಹೇಳಿದ್ದು ಇಷ್ಟು: "ಬೇಜಾರು ಮಾಡ್ಕೋಬೇಡಿ ಡಾಕ್ಟ್ರೇ. ಸರದಿ ನಮ್ಮ ಮನೆಗೂ ಬರುತ್ತಲ್ವಾ, ಅದಕ್ಕೇ."

ಆ ಮಾತು ನಮ್ಮ ನಿದ್ದೆ ಕೆಡಿಸಿತು. ನಾವು ವೈದ್ಯರೇ ಹೊರತು ಇತಿಹಾಸಕಾರರಲ್ಲ. ಆದರೆ ಖಾಯಿಲೆ ಕಂಡಾಗ ಮೊದಲು ಹಿಂದಿನ ಚರಿತ್ರೆ ಕೇಳಬೇಕೆಂಬುದು ನಮ್ಮ ಕಸುಬಿನ ಮೊದಲ ಪಾಠ. ಗೆಳೆಯರ ನಡುವಿನ ಒಂದು ಸಕ್ಕರೆ ಗಿಳಿ ಒಂದು ಸಂಸಾರವನ್ನು ಹೊರಗೆ ನಿಲ್ಲಿಸುವ ಮಟ್ಟಕ್ಕೆ ಹೇಗೆ ಬೆಳೆಯಿತು? ನಮ್ಮ ಹಿರಿಯರು ಇಂಥ ಕೊಡುಕೊಳ್ಳುವಿಕೆಯನ್ನು ಹೇಗೆ ನಿಭಾಯಿಸುತ್ತಿದ್ದರು? ಈ ಪ್ರಶ್ನೆಗಳ ಬೆನ್ನು ಹತ್ತಿ ನಾವು ಓದಿಕೊಂಡದ್ದನ್ನೂ ನೆನಪು ಮಾಡಿಕೊಂಡದ್ದನ್ನೂ ಓದುಗರ ಮುಂದೆ ಇಡುತ್ತಿದ್ದೇವೆ. ಆ ಯುವಕರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಕನ್ನಡದಲ್ಲಿ 'ಮುಯ್ಯಿ' ಎಂಬ ಒಂದು ಮಾತಿದೆ. ಮದುವೆ ಮನೆಗಳಲ್ಲಿ ಹಿಂದೆ ಒಬ್ಬರು ನೋಟುಪುಸ್ತಕ ಹಿಡಿದು ಕೂರುತ್ತಿದ್ದರು. ಯಾರು ಎಷ್ಟು ರೂಪಾಯಿ ಕೊಟ್ಟರು, ಯಾರು ಸೀರೆ ಕೊಟ್ಟರು, ಯಾರು ಕೊಡ ಕೊಟ್ಟರು ಎಂದು ಹೆಸರಿನ ಸಮೇತ ಬರೆದಿಡುತ್ತಿದ್ದರು. ಕೊಟ್ಟವರ ಮನೆಯಲ್ಲಿ ಮದುವೆಯಾದಾಗ ಆ ಪುಸ್ತಕ ತೆಗೆದು ನೋಡಿ, ಅಷ್ಟಕ್ಕೆ ಕಡಿಮೆಯಿಲ್ಲದಂತೆ ಹಿಂದಿರುಗಿಸಬೇಕು. ಇದನ್ನು ನಾವು ಹೀಗಳೆಯುವುದಿಲ್ಲ. ಬ್ಯಾಂಕು ಇಲ್ಲದ ಊರಿನಲ್ಲಿ ಮದುವೆಯಂಥ ದೊಡ್ಡ ಖರ್ಚನ್ನು ಊರೇ ಹಂಚಿಕೊಳ್ಳುತ್ತಿದ್ದ ಬಡ್ಡಿಯಿಲ್ಲದ ಸಾಲ ಅದು. ಆದರೆ ಅದು ಸಾಲವೇ. ಅದಕ್ಕೇ ನಮ್ಮ ಭಾಷೆಯಲ್ಲಿ ಅದೇ ಮಾತಿಗೆ ಇನ್ನೊಂದು ಅರ್ಥವೂ ಇದೆ. ಮುಯ್ಯಿ ತೀರಿಸುವುದು ಎಂದರೆ ಸೇಡು ತೀರಿಸಿಕೊಳ್ಳುವುದು. ಮುಯ್ಯಿಗೆ ಮುಯ್ಯಿ ಎಂದರೆ ಏಟಿಗೆ ಏಟು. ಉಡುಗೊರೆಗೂ ಹಗೆತನಕ್ಕೂ ಒಂದೇ ಪದ ಸಾಕೆಂದು ಕಂಡುಕೊಂಡ ನಮ್ಮ ಹಳ್ಳಿಯ ಜನ ಮನುಷ್ಯ ಸ್ವಭಾವವನ್ನು ಎಷ್ಟು ಚೆನ್ನಾಗಿ ಬಲ್ಲವರು!

ಇದಕ್ಕೆ ತೀರ ಬೇರೆಯಾದ ಇನ್ನೊಂದು ಬಗೆಯ ಕೊಡುಗೆ ನಮ್ಮಲ್ಲಿತ್ತು. ಅದು ತಾಂಬೂಲ. ಎರಡು ವೀಳ್ಯದೆಲೆ, ಒಂದು ಅಡಿಕೆ. ಬಂದವರು ಹೊರಡುವ ಮುನ್ನ ಅವರ ಕೈಗೆ ಇಡುವುದು. ತಾಂಬೂಲವನ್ನು ಯಾರೂ ಪುಸ್ತಕದಲ್ಲಿ ಬರೆದುಕೊಂಡದ್ದಿಲ್ಲ. "ಅವರ ಮನೆಯಲ್ಲಿ ಎರಡು ಎಲೆ ಕೊಟ್ಟಿದ್ದರು, ನಾವು ಮೂರು ಕೊಡೋಣ" ಎಂದು ಯಾರೂ ಹೇಳಿದ್ದಿಲ್ಲ. ಕೊಟ್ಟಾಯಿತು, ಮುಗಿಯಿತು. ಆದರೆ ಕೊಡದೆ ಕಳಿಸಿದರೆ ಮಾತ್ರ ಕೂಟ ಮುಗಿದಂತಾಗುವುದಿಲ್ಲ.

ಈ ತಾಂಬೂಲದ ಚರಿತ್ರೆ ದೊಡ್ಡದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ' ಎಂಬ ಗ್ರಂಥದಲ್ಲಿ ರಾಜನ ಸುಖಭೋಗಗಳನ್ನು ಎಣಿಸುವಾಗ ಸ್ನಾನ, ವಸ್ತ್ರ, ಊಟಗಳ ಸಾಲಿನಲ್ಲೇ ತಾಂಬೂಲಕ್ಕೂ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಸೇನಾಪತಿಗೆ ಯುದ್ಧದ ಹೊಣೆ ಒಪ್ಪಿಸುವಾಗ ದೊರೆ ಕೊಡುತ್ತಿದ್ದುದು ರಣವೀಳ್ಯ. ಒಂದು ಎಲೆಯನ್ನು ಕೈಗೆ ತೆಗೆದುಕೊಂಡರೆ ಮಾತು ಕೊಟ್ಟಂತೆ. ಇಂದಿಗೂ ಮದುವೆ ಗೊತ್ತಾಯಿತು ಎನ್ನುವುದಕ್ಕೆ ನಮ್ಮಲ್ಲಿ ತಾಂಬೂಲ ಬದಲಾಯಿಸಿಕೊಂಡರು ಎಂದೇ ಹೇಳುವುದು.

ಕೊಲ್ಲಿಯಲ್ಲಿ ವಾಸಿಸುವ ನಮಗೆ ಇನ್ನೂ ಹತ್ತಿರದ ಸಾಕ್ಷಿ ಒಂದಿದೆ. ಹದಿನಾಲ್ಕನೆಯ ಶತಮಾನದ ಮೊರಾಕೊದ ಪ್ರವಾಸಿ ಇಬ್ನ್ ಬತೂತಾ ನಮ್ಮ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಕಣ್ಣಾರೆ ಕಂಡವನು. ಆದರೆ ವೀಳ್ಯದೆಲೆಯ ವಿಷಯವನ್ನು ಅವನು ವಿಸ್ತಾರವಾಗಿ ಬರೆದದ್ದು ಅರೇಬಿಯದ ತೀರದಲ್ಲೇ, ಈಗ ಒಮಾನಿಗೆ ಸೇರಿದ ಧೋಫಾರ್ ಪ್ರಾಂತದ ವರ್ಣನೆಯಲ್ಲಿ. ನಮ್ಮಲ್ಲಿ ಅನೇಕರು ಮಳೆ ನೋಡಲು ರಜೆಗೆ ಹೋಗುವ ಸಲಾಲಾ ಇರುವುದು ಅಲ್ಲೇ. ವೀಳ್ಯದೆಲೆಯ ಬಳ್ಳಿ ಮತ್ತು ತೆಂಗಿನ ಮರ ಇಂಡಿಯಾ ಬಿಟ್ಟರೆ ಧೋಫಾರಿನಲ್ಲಿ ಮಾತ್ರ ಉಂಟು ಎಂದು ಅವನು ಹೇಳುತ್ತಾನೆ. ಆಮೇಲೆ ಅವನು ಹೇಳುವ ಮಾತಿನ ಸಾರಾಂಶವಿದು: ಇಂಡಿಯಾದ ಜನರಲ್ಲಿ ಒಬ್ಬನು ಗೆಳೆಯನ ಮನೆಗೆ ಹೋದಾಗ ಆ ಗೆಳೆಯನು ಐದು ಎಲೆ ಕೊಟ್ಟರೆ ಸಾಕು, ಪ್ರಪಂಚವನ್ನೇ ಕೊಟ್ಟಂತೆ. ಅದು ಬೆಳ್ಳಿ ಬಂಗಾರ ಕೊಟ್ಟದ್ದಕ್ಕಿಂತ ದೊಡ್ಡ ಮರ್ಯಾದೆ.

ಐದು ಎಲೆ! ದೇಶದೇಶಗಳ ಸುಲ್ತಾನರಿಂದ ಕುದುರೆ, ನಿಲುವಂಗಿ, ಹೊನ್ನು ಪಡೆದ ಮನುಷ್ಯ ಬರೆದ ಮಾತಿದು. ಬೆಲೆಗೂ ಮರ್ಯಾದೆಗೂ ಸಂಬಂಧವಿಲ್ಲ ಎಂಬುದು ಹೊರಗಿನವನಾದ ಅವನ ಕಣ್ಣಿಗೆ ಬಿದ್ದಿತು. ನಮ್ಮ ಕಣ್ಣಿಗೆ ಬೀಳಲಿಲ್ಲ.

ಅವನಾದ ಸುಮಾರು ನೂರು ವರ್ಷದ ಮೇಲೆ, 1443ರಲ್ಲಿ, ಪಾರಸಿಕದ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದ. ಅವನು ಹಡಗು ಹತ್ತಿದ್ದು ನಮ್ಮ ಈ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜಿನಿಂದ. ಆಗ ಇಮ್ಮಡಿ ದೇವರಾಯನ ಕಾಲ. ದೊರೆಯನ್ನು ಕಂಡು ಹೊರಡುವಾಗ ಅವನಿಗೆ ಸಿಕ್ಕಿದ್ದು ಎರಡು ಕಟ್ಟು ವೀಳ್ಯದೆಲೆ, ಐದು ನೂರು ಪಣಗಳ ಒಂದು ಚೀಲ, ಜೊತೆಗೆ ಒಂದಿಷ್ಟು ಕರ್ಪೂರ. ಅಷ್ಟು ದೊಡ್ಡ ಸಾಮ್ರಾಜ್ಯದ ದೊರೆಗೂ ಪಣದ ಚೀಲ ಕೊಟ್ಟರೆ ಸಾಕು ಎನಿಸಲಿಲ್ಲ. ಹಣ ರಾಯಭಾರಿಯ ಖರ್ಚಿಗೆ, ಎಲೆ ಅವನ ಗೌರವಕ್ಕೆ. ಎರಡೂ ಒಂದೇ ತಟ್ಟೆಯಲ್ಲಿ ಬಂದರೂ ಅವು ಬೇರೆ ಬೇರೆ. ನಮ್ಮ ಗುರುವಾರದ ಕೂಟದಲ್ಲಿ ಆ ಎರಡನ್ನೂ ಕಲಸಿದ್ದೇ ತಪ್ಪಾಯಿತು ಎಂದು ನಮಗೆ ಹೊಳೆದದ್ದು ಇಲ್ಲಿಯೇ.

ಜನಸಾಮಾನ್ಯರ ರೂಢಿಯಲ್ಲಿಯೂ ಇದೇ ವಿವೇಕ ಕಾಣುತ್ತದೆ. ಉತ್ತರ ಕರ್ನಾಟಕದ ಕಡೆ ವಿಜಯದಶಮಿಯ ದಿನ ಬನ್ನಿ ಎಲೆ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎನ್ನುತ್ತಾರೆ. ಕೊಡುವುದು ಮರದ ಎಲೆ, ಹೇಳುವುದು ಬಂಗಾರ. ಕೊಟ್ಟವನಿಗೂ ಅದೇ ಎಲೆ, ತೆಗೆದುಕೊಂಡವನಿಗೂ ಅದೇ ಎಲೆ. ಲೆಕ್ಕ ಅಲ್ಲಿಯೇ ಚುಕ್ತಾ. ವರ್ಷವಿಡೀ ಮಾತು ಬಿಟ್ಟವರೂ ಆ ಸಂಜೆ ಬನ್ನಿ ಕೊಡುವ ನೆಪದಲ್ಲಿ ಮನೆಯ ಮೆಟ್ಟಿಲು ಹತ್ತಬಹುದು. ಸಂಕ್ರಾಂತಿಗೆ ಅದೇ ಕಡೆ ಕುಸುರೆಳ್ಳು ಹಂಚಿದರೆ, ಹಳೆಯ ಮೈಸೂರಿನ ಕಡೆ ಎಳ್ಳು ಬೀರುತ್ತಾರೆ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ ಈ ಐದರ ಮಿಶ್ರಣ, ಒಂದು ತುಂಡು ಕಬ್ಬು, ಒಂದು ಸಕ್ಕರೆ ಅಚ್ಚು. ಡಿಸೆಂಬರ್ ಮುಗಿಯುವ ಹೊತ್ತಿಗೆ ಮನೆಮನೆಯಲ್ಲಿ ಬೆಲ್ಲ, ಕೊಬ್ಬರಿ ಹೆಚ್ಚಿ ಬಿಸಿಲಿಗೆ ಹರವುತ್ತಿದ್ದುದು, ಮರದ ಅಚ್ಚನ್ನು ನೀರಿನಲ್ಲಿ ನೆನೆಸಿ, ದಾರದಲ್ಲಿ ಬಿಗಿದು ಪಾಕ ಹುಯ್ಯುತ್ತಿದ್ದುದು ನಮ್ಮ ವಯಸ್ಸಿನವರಿಗೆಲ್ಲ ನೆನಪಿರಬೇಕು. ಬೀರುವುದು ಎಂಬ ಮಾತನ್ನೇ ನೋಡಿ. ಅಳೆದು ಕೊಡುವುದಲ್ಲ, ಚೆಲ್ಲುವುದು.

ಹಾಗೆಂದು ಹಿಂದಿನವರೆಲ್ಲ ಋಷಿಗಳೆಂದು ನಾವು ಹೇಳುತ್ತಿಲ್ಲ. ಅರಿಶಿನ ಕುಂಕುಮಕ್ಕೆ ಕರೆದಾಗ ತಾಂಬೂಲದ ಜೊತೆ ಕೊಡುವ ರವಿಕೆ ಕಣದ ಕಥೆ ಎಲ್ಲರಿಗೂ ಗೊತ್ತು. ಅದನ್ನು ಹೊಲಿಸಿದವರು ಕಡಿಮೆ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಮಡಿಕೆ ಬಿಚ್ಚದೆ ಊರೆಲ್ಲ ಸುತ್ತಿ, ಒಂದು ದಿನ ಕೊಟ್ಟವರ ಮನೆಗೇ ಬಂದು ಸೇರುತ್ತಿತ್ತು. ಈಗ ಯೋಚಿಸಿದರೆ ಅದೂ ಒಳ್ಳೆಯ ಏರ್ಪಾಡೇ. ಯಾರಿಗೂ ನಷ್ಟವಿಲ್ಲ, ಎಲ್ಲರಿಗೂ ಮರ್ಯಾದೆ.

ಹಾಗಾದರೆ ಕೊಡುವ ವಸ್ತುವಿನ ಮೇಲೆ ಹೆಸರು ಬರೆಸುವ ಪದ್ಧತಿ ನಮ್ಮಲ್ಲಿ ಎಲ್ಲಿಂದ ಬಂತು? ಅದು ಮಗ್ಗುಗಳಿಂದ ಶುರುವಾದದ್ದಲ್ಲ. ನಮ್ಮ ಬಾಲ್ಯದಲ್ಲಿ ಮನೆಯ ಹಿತ್ತಾಳೆ ಕೊಳದಪ್ಪಲೆ, ಕೊಡ, ತಪ್ಪಲೆಗಳ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ತಾತನ ಹೆಸರಿನ ಮೊದಲಕ್ಷರಗಳನ್ನು ಕೊರೆದಿರುತ್ತಿದ್ದರು. ಪಾತ್ರೆ ಕಲಾಯಿಗೆ ಹೋಗುತ್ತಿತ್ತು, ನೆರೆಮನೆಯ ಮದುವೆಗೆ ಎರವಲು ಹೋಗುತ್ತಿತ್ತು. ಅದು ತಪ್ಪದೆ ಮನೆಗೆ ಹಿಂದಿರುಗಲಿ ಎಂಬುದಕ್ಕೆ ಆ ಹೆಸರು. ಆಮೇಲೆ ಸ್ಟೀಲು ಬಂತು. 1980ರ ದಶಕದ ಆರಂಭದಲ್ಲಿ ಸೇಲಂನ ಉಕ್ಕಿನ ಕಾರ್ಖಾನೆಯಲ್ಲಿ ಸ್ಟೇನ್‌ಲೆಸ್ ತಗಡಿನ ತಯಾರಿ ಶುರುವಾಯಿತು. ಹಿತ್ತಾಳೆ ಅಟ್ಟ ಸೇರಿತು. ಸ್ಟೀಲಿನ ಬಟ್ಟಲು, ಲೋಟ, ತಟ್ಟೆಗಳು ನಾಮಕರಣ, ಉಪನಯನ, ಗೃಹಪ್ರವೇಶಗಳಲ್ಲಿ ಕೊಡುವ ಸಾಮಾನುಗಳಾದವು. ಪಾತ್ರೆ ಅಂಗಡಿಯ ಮೂಲೆಯಲ್ಲಿ ಒಬ್ಬರು ಮೊದಲು ಉಳಿ ಸುತ್ತಿಗೆಯಿಂದ, ಆಮೇಲೆ ಗುಂಯ್ ಎನ್ನುವ ಕರೆಂಟಿನ ಲೇಖನಿಯಿಂದ ಹೆಸರು ಹಾಕಿಕೊಡುತ್ತಿದ್ದರು. ಹೆಸರಿನ ಕೆಲಸ ಈಗ ತಲೆಕೆಳಗಾಯಿತು. ಮೊದಲು ಹೆಸರು ಪಾತ್ರೆಗೆ "ಹಿಂದಕ್ಕೆ ಬಾ" ಎನ್ನುತ್ತಿತ್ತು. ಈಗ ಕೊಟ್ಟವರ ಹೆಸರು "ಇಲ್ಲೇ ಇರು, ನೆನಪಿಸುತ್ತಿರು" ಎನ್ನತೊಡಗಿತು.

ಅದು ಎಷ್ಟು ಚೆನ್ನಾಗಿ ನೆನಪಿಸುತ್ತದೆ ಎಂಬುದಕ್ಕೆ ನಮ್ಮದೇ ಒಂದು ಅವಮಾನದ ಪ್ರಸಂಗ. ದೋಹಾಕ್ಕೆ ಬಂದ ಹೊಸದರಲ್ಲಿ ಒಂದು ಗೃಹಪ್ರವೇಶಕ್ಕೆ ಅವಸರದಲ್ಲಿ ಹೊರಟೆವು. ಅಂಗಡಿಗೆ ಹೋಗಲು ಹೊತ್ತಿರಲಿಲ್ಲ. ಬೀರುವಿನಲ್ಲಿದ್ದ ಹೊಸ ಸ್ಟೀಲ್ ತಟ್ಟೆಯೊಂದನ್ನು ಬಣ್ಣದ ಕಾಗದದಲ್ಲಿ ಸುತ್ತಿ ಕೊಟ್ಟು, ಹೊಟ್ಟೆ ತುಂಬ ಉಂಡು ಬಂದೆವು. ವಾರದ ಮೇಲೆ ಆ ಮನೆಯ ಯಜಮಾನರು ಸಿಕ್ಕು, ನಗುನಗುತ್ತಲೇ ಹೇಳಿದರು: "ಡಾಕ್ಟ್ರೇ, ನಮ್ಮ ಮಗನ ಉಪನಯನದ ತಟ್ಟೆ ಇಷ್ಟು ದಿನ ಜೋಪಾನ ಮಾಡಿದ್ದೀರಿ, ಬಹಳ ಸಂತೋಷ." ತಟ್ಟೆಯ ತಳದಲ್ಲಿ ಅವರದೇ ಹೆಸರು! ಮಡಿಕೆ ಬಿಚ್ಚದ ರವಿಕೆ ಕಣಕ್ಕೆ ಇರುವ ಸ್ವಾತಂತ್ರ್ಯ ಹೆಸರು ಹಾಕಿದ ಪಾತ್ರೆಗೆ ಇಲ್ಲ ಎಂದು ಅಂದು ಕಲಿತೆವು. ಅವರು ಅಂದಿನಿಂದ ನಮ್ಮ ಆಪ್ತ ಮಿತ್ರರು ಎಂಬುದು ಬೇರೆ ಮಾತು.

ಹೆಸರು, ಊರು, ವರ್ಷ, ಕೊಟ್ಟ ಕಾರಣ ಇವನ್ನು ಕೊರೆದಿಡುವುದು ಕನ್ನಡಿಗರಿಗೆ ಬಲು ಹಳೆಯ ಅಭ್ಯಾಸ. ನಮ್ಮ ದಾನಶಾಸನಗಳಲ್ಲಿ ಇರುವುದೇ ಇದು. ಅವುಗಳಲ್ಲಿ ನಮಗೆ ತುಂಬ ಇಷ್ಟವಾದದ್ದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ಕ್ರಿ.ಶ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ಘೋರ ಯುದ್ಧವಾಯಿತು. ರಾಷ್ಟ್ರಕೂಟರ ಪಕ್ಷದಲ್ಲಿದ್ದ ಗಂಗರ ಬೂತುಗನು, ಅಲ್ಲಿ ಶೌರ್ಯದಿಂದ ಕಾದಿದ ತನ್ನ ವೀರ ಮಣಲೆರನನ್ನು ಮೆಚ್ಚಿ, ಏನು ಬೇಕೋ ಬೇಡಿಕೋ ಎಂದ. ಮಣಲೆರ ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಬೂತುಗನ ಬಳಿಯಿದ್ದ 'ಕಾಳಿ' ಎಂಬ ಬೇಟೆನಾಯಿಯನ್ನು ಬೇಡಿದ. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಕಾದಾಡಿ, ಹಂದಿಯೂ ನಾಯಿಯೂ ಎರಡೂ ಸತ್ತವು. ಅದರ ನೆನಪಿಗೆ ನೆಟ್ಟ ಕಲ್ಲು ಅದು. ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿ ಇದೆ. ಮುಂದಿನ ಸಲ ಊರಿಗೆ ಹೋದಾಗ ಮಕ್ಕಳಿಗೆ ತೋರಿಸಿ. ಮೆಚ್ಚಿದ ಗೆಳೆಯನ ಕೈಯಿಂದ ಮನಸ್ಸಿಗೆ ಹಿಡಿಸಿದ ಒಂದೇ ಒಂದು ವಸ್ತು ಸಾಕೆಂದ ಮಣಲೆರನ ಹೆಸರು ಸಾವಿರ ವರ್ಷ ದಾಟಿ ಬಂದಿದೆ.

ನಮ್ಮ ಅಡಿಗೆಮನೆಯಲ್ಲಿಯೂ ಒಂದು ಚಿಕ್ಕ ಶಾಸನವಿದೆ. ಅಂಗೈ ಅಗಲದ ಸ್ಟೀಲ್ ಬಟ್ಟಲು. ಅದರ ಅಂಚಿನಲ್ಲಿ ಒಂದು ಮಗುವಿನ ಹೆಸರು, "ನಾಮಕರಣ, ದೋಹಾ, 2006" ಎಂದು ಕನ್ನಡದಲ್ಲಿ ಕೊರೆದಿದೆ. ಊರಿನಿಂದ ಬರೆಸಿಕೊಂಡು ತಂದದ್ದು. ಆ ಸಂಸಾರ ಎಂದೋ ಕತಾರ್ ಬಿಟ್ಟು ದಾವಣಗೆರೆಗೆ ಹೋಯಿತು. ಈಚೆಗೆ ರಜೆಯಲ್ಲಿ ಅವರ ಮನೆಗೆ ಹೋದಾಗ ಕಾಫಿ ಬಂದದ್ದು ನಮ್ಮ ಹೆಸರಿದ್ದ ಲೋಟದಲ್ಲಿ. ಬೇಕೆಂದೇ ಹುಡುಕಿ ಅದರಲ್ಲೇ ಕೊಟ್ಟರಂತೆ. ಆ ದಿನಗಳ ಫೋಟೋಗಳೆಲ್ಲ ಕೆಟ್ಟುಹೋದ ಯಾವುದೋ ಕಂಪ್ಯೂಟರಿನಲ್ಲಿ ಹೂತುಹೋಗಿವೆ. ಆಗ ಯಾರು ಯಾರು ಇದ್ದರು, ಯಾವ ವರ್ಷ ಯಾವ ಬಿಲ್ಡಿಂಗಿನಲ್ಲಿದ್ದೆವು ಎಂದು ವಾದ ಬಂದಾಗ, ಲೋಟದ ಮೇಲಿನ ಇಸವಿಯನ್ನು ಓದಿ ತೀರ್ಮಾನ ಮಾಡಿಕೊಂಡೆವು.

ಇದನ್ನು ಏಕೆ ಹೇಳುತ್ತೇವೆಂದರೆ, ನಮ್ಮಲ್ಲಿ ಬಹುಪಾಲು ಜನರ ಇಲ್ಲಿನ ವಾಸ ಕೆಲಸವಿರುವ ತನಕ ಮಾತ್ರ. ಅಮೆರಿಕದ ಕನ್ನಡಿಗರಂತೆ ನಾವು ಇಲ್ಲಿ ಬೇರು ಬಿಡುವವರಲ್ಲ. ಇವತ್ತು ಮೇಜಿನ ಸುತ್ತ ಕೂತ ಒಂಬತ್ತು ಮನೆಗಳಲ್ಲಿ ಹತ್ತು ವರ್ಷದ ಮೇಲೆ ಎಷ್ಟು ಇಲ್ಲಿರುತ್ತವೋ ಹೇಳಲಾಗದು. 2020ರಲ್ಲಿ ಸಾಂಕ್ರಾಮಿಕ ಬಂದಾಗ ವಿದಾಯ ಹೇಳಲೂ ಆಗದೆ ಹೊರಟವರನ್ನು ನಾವು ಕಂಡಿದ್ದೇವೆ. ಹೊರಡುವವರು ಸೋಫಾ ಮಾರುತ್ತಾರೆ, ಕಾರು ಮಾರುತ್ತಾರೆ. ಅಂಗೈ ಅಗಲದ ಬಟ್ಟಲನ್ನು ಮಾತ್ರ ಬಟ್ಟೆಯ ನಡುವೆ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ. ನಮ್ಮ ಗೆಳೆತನಕ್ಕೆ ಉಳಿಯುವ ದಾಖಲೆ ಅದೇ. ಅದು ಚಿಕ್ಕದಾಗಿದ್ದರೇ ಪೆಟ್ಟಿಗೆಯಲ್ಲಿ ಹಿಡಿಯುವುದು.

ನಾವು ವಾಸಿಸುವ ನೆಲದ ಜನರಿಗೂ ಈ ಗುಟ್ಟು ಗೊತ್ತು. ಅಲ್ ಥುಮಾಮಾ ಎಂಬ ಹೆಸರು ಬಂದದ್ದೇ ಇಲ್ಲಿ ಬೆಳೆಯುವ ತುಮಾಮ್ ಎಂಬ ಮರುಭೂಮಿಯ ಹುಲ್ಲಿನಿಂದ. ಸಸ್ಯಶಾಸ್ತ್ರದವರು ಅದನ್ನು ಪ್ಯಾನಿಕಮ್ ಎಂಬ ಕುಲಕ್ಕೆ ಸೇರಿಸುತ್ತಾರೆ. ನಮ್ಮ ಸಾಮೆ, ಬರಗುಗಳೂ ಅದೇ ಕುಲದವು. 2021ರಲ್ಲಿ ಇಲ್ಲಿ ಉದ್ಘಾಟನೆಯಾದ ಕ್ರೀಡಾಂಗಣವನ್ನು ಕತಾರಿನ ವಾಸ್ತುಶಿಲ್ಪಿ ಇಬ್ರಾಹಿಂ ಜೈದಾ ಅವರು ರೂಪಿಸಿದ್ದು ಇಲ್ಲಿನವರು ತಲೆವಸ್ತ್ರದ ಕೆಳಗೆ ತೊಡುವ ಗಹಫಿಯಾ ಟೋಪಿಯ ಆಕಾರದಲ್ಲಿ. ಮನೆಯ ಒಂದು ಸಣ್ಣ ಟೋಪಿಯನ್ನೇ ಊರಿನ ಹೆಮ್ಮೆ ಮಾಡಿಕೊಂಡ ಜನ ಇವರು.

ಇಲ್ಲಿನವರ ಮಜ್ಲಿಸ್‌ಗೆ ಅತಿಥಿಗಳಾಗಿ ಹೋದವರಿಗೆ ಗೊತ್ತಿರುತ್ತದೆ, ಖಾವಾ, ಖರ್ಜೂರ, ಊಟ ಎಲ್ಲ ಮುಗಿದ ಮೇಲೆ ಕೆಂಡದ ಮೇಲೆ ಊದ್ ಹಾಕಿದ ಧೂಪದ ಪಾತ್ರೆ ಬರುತ್ತದೆ. ಒಬ್ಬೊಬ್ಬರೂ ಹೊಗೆಯನ್ನು ಬಟ್ಟೆಗೆ ಹಿಡಿದುಕೊಂಡು ಪಕ್ಕದವರಿಗೆ ದಾಟಿಸುತ್ತಾರೆ. ಊದ್ ಬಂದ ಮೇಲೆ ಕೂರುವುದಿಲ್ಲ ಎಂದು ಇಲ್ಲಿ ಒಂದು ಗಾದೆಯೇ ಇದೆ. ನಮ್ಮ ತಾಂಬೂಲದ ಕೆಲಸವನ್ನು ಇಲ್ಲಿ ಊದ್ ಮಾಡುತ್ತದೆ. ಮನೆಗೆ ಬಂದು ಅಂಗಿ ಕಳಚುವಾಗ ಆ ಮನೆಯ ಪರಿಮಳ ಇನ್ನೂ ಇರುತ್ತದೆ. ಹೊಗೆಗೆ ಮುಯ್ಯಿ ಬರೆದಿಡುವವರು ಯಾರು? ರಂಜಾನ್ ತಿಂಗಳ ಹದಿನಾಲ್ಕನೆಯ ರಾತ್ರಿ ಇಲ್ಲಿನ ಮಕ್ಕಳು ಗರಂಗಾವ್ ಎಂದು ಕೊರಳಿಗೆ ಚೀಲ ಹಾಕಿಕೊಂಡು ಮನೆಮನೆಗೆ ಹೋಗುತ್ತಾರೆ. ದೊಡ್ಡವರು ಬಾದಾಮಿ, ಕಡಲೆಕಾಯಿ, ಮಿಠಾಯಿ ತುಂಬಿ ಕಳಿಸುತ್ತಾರೆ. ನಮ್ಮ ಎಳ್ಳು ಬೀರುವ ಹೆಣ್ಣುಮಕ್ಕಳ ನೆನಪು ಬಂದೇ ಬರುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಮಕ್ಕಳು ಪಡೆಯಲು ಹೋಗುತ್ತಾರೆ, ನಮ್ಮಲ್ಲಿ ಕೊಡಲು ಹೋಗುತ್ತಾರೆ.

ಈಗ ನಮ್ಮ ಖಾಯಿಲೆಯ ವಿಷಯಕ್ಕೆ ಬರೋಣ. ಹೆಸರು ಬರೆದ ಸಕ್ಕರೆ ಗಿಳಿ ತಾಂಬೂಲವಾಗಿತ್ತು. ಹೆಸರು ಬರೆದ ನಮ್ಮ ಮಗ್ಗು ಮುಯ್ಯಿಯಾಯಿತು. ಎರಡರಲ್ಲೂ ಪಡೆದವರ ಹೆಸರಿತ್ತು. ಆದರೆ ಗಿಳಿ ಕೊಟ್ಟವರು ಆ ಮಿತ್ರರ ಸ್ವಭಾವವನ್ನು ನೆನೆದಿದ್ದರು. ನಾವು ಮಗ್ಗು ಮಾಡಿಸಿದಾಗ ನೆನೆದದ್ದು ಹಿಂದಿನ ಸಲದ ಕೊಡುಗೆಯನ್ನು. ನಾವು ಅಂದು ಬರೆಸಿದ್ದು ಗೆಳೆಯರ ಹೆಸರಾದರೂ ಅದರಲ್ಲಿ ಓದಬಹುದಾದದ್ದು ನಮ್ಮ ಜಂಬವನ್ನು. ಸರದಿ ಎಂಬುದು ಇರುವ ಕಡೆ ಮೇಲಾಟ ಶುರುವಾದರೆ, ಕೊನೆಯ ಸರದಿಯವರ ಹೆಗಲಿಗೆ ಎಲ್ಲರ ಜಂಬವೂ ಬೀಳುತ್ತದೆ. ಇಲ್ಲಿ ಕೊನೆಯವರು ನಮ್ಮೆಲ್ಲರಿಗಿಂತ ಕಿರಿಯರು, ಈಗಷ್ಟೇ ಹೆಂಡತಿ ಮಗುವನ್ನು ಕರೆಸಿಕೊಂಡವರು, ಊರಿನಲ್ಲಿ ಮನೆಯ ಸಾಲ ಇರುವವರು.

ವೈದ್ಯರಾಗಿ ಒಂದು ಮಾತನ್ನೂ ಸೇರಿಸಬೇಕು. ತಾಂಬೂಲ ಕೊಡಿ ಎಂದರೆ ಅಗಿಯಿರಿ ಎಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಹೊಗೆಸೊಪ್ಪು ಸೇರಿದ ಎಲೆಯಡಿಕೆ ಕ್ಯಾನ್ಸರ್ ತರುತ್ತದೆಂದು 1985ರಲ್ಲಿಯೇ ಹೇಳಿತ್ತು. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯೇ ಅಪಾಯಕಾರಿ ಎಂದು 2004ರಲ್ಲಿ ಪ್ರಕಟವಾದ ಅದರ ವರದಿ ಸಾರಿತು. ಅಡಿಕೆ ಬೆಳೆಗಾರರ ಮನೆಯ ಓದುಗರು ನಮ್ಮ ಮೇಲೆ ಮುನಿಯಬಾರದು. ಬಾಯಿಯ ಹುಣ್ಣು ತೋರಿಸಲು ತಡವಾಗಿ ಬಂದವರನ್ನು ನೋಡಿದ ಕಣ್ಣು ನಮ್ಮದು. ತಾಂಬೂಲ ಕೈಯಿಂದ ಕೈಗೆ ಹೋಗಲಿ, ಬಾಯಿಗೆ ಹೋಗುವುದು ಬೇಡ. ಎಲೆಯೇ ಆಗಬೇಕೆಂದೂ ಇಲ್ಲ. ಎಲೆಯ ಗುಣ ಇದ್ದರೆ ಸಾಕು.

ಎಲೆಯ ಗುಣ ಯಾವುದು? ಒಂದು, ಅದು ಅಂಗೈಯಲ್ಲಿ ಹಿಡಿಯುತ್ತದೆ. ಎರಡು, ಬಂದವರಿಗೆಲ್ಲ ಸಿಗುತ್ತದೆ, ಬರಿಗೈಯಲ್ಲಿ ಬಂದವರಿಗೂ. ಮೂರು, ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ಕಳೆದ ತಿಂಗಳು ನಾವು ಎಂಟು ಮನೆಯವರು ಕೂತು ಈ ಮೂರನ್ನೇ ನಿಯಮ ಮಾಡಿಕೊಂಡೆವು. ಸರದಿಯ ಪಟ್ಟಿಯನ್ನು ಹರಿದು ಹಾಕಿದೆವು. ಕರೆಯುವ ಮನಸ್ಸಾದವರು ಕರೆಯುವುದು. ಕೊಡುವ ಮನಸ್ಸಾದವರು ತಮ್ಮ ಕೈಯಾರೆ ಮಾಡಿದ್ದನ್ನು ಕೊಡುವುದು. ಚೀಟಿಯಲ್ಲಿ ಹೆಸರು, ವರ್ಷ, ಅಲ್ ಥುಮಾಮಾ ಎಂಬ ಊರಿನ ಹೆಸರು ಕನ್ನಡದಲ್ಲಿ ಇರಬೇಕು. ಇದೊಂದೇ ನಮ್ಮ ಒತ್ತಾಯ. ನಮ್ಮ ಮಕ್ಕಳು ಮುಂದೆ ಎಲ್ಲಿರುತ್ತಾರೋ ಅಲ್ಲಿ, ಈ ಚೀಟಿ ಓದಲಾದರೂ ನಾಲ್ಕು ಕನ್ನಡ ಅಕ್ಷರ ಕಲಿಯಲಿ.

ಬರುವ ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಎಳ್ಳು. ಊರಿನ ಅಟ್ಟದಿಂದ ಅಜ್ಜಿಯ ಕಾಲದ ಮರದ ಅಚ್ಚುಗಳನ್ನು ತರಿಸಿಕೊಂಡಿದ್ದೇವೆ. ಗಿಳಿಯ ಅಚ್ಚಿನ ಕೊಕ್ಕು ಸವೆದು ಅದು ಪಾರಿವಾಳದಂತೆ ಕಾಣುತ್ತದೆ, ನಮ್ಮ ಮನೆಯವರಿಗೆ ಪಾಕದ ಹದ ಇನ್ನೂ ಕೈಗೆ ಹತ್ತಿಲ್ಲ. ಆದರೂ ಎಂಟರ ಬದಲು ಒಂಬತ್ತು ಮನೆಗೆ ಅಚ್ಚು ಹುಯ್ಯುತ್ತೇವೆ. ಒಂಬತ್ತನೆಯ ಮನೆಯ ಬಾಗಿಲಿಗೂ ಈ ಪತ್ರಿಕೆಯ ಪ್ರತಿ ಹೋಗುತ್ತದೆ. ಅವರಿಗೆ ನಮ್ಮ ವಿನಂತಿ ಇಷ್ಟೇ: ಮಗುವನ್ನು ಎತ್ತಿಕೊಂಡು ಬರಿಗೈಯಲ್ಲಿ ಬನ್ನಿ, ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ ಹೋಗಿ. ನಾವು ಪುಸ್ತಕದಲ್ಲಿ ಬರೆದುಕೊಳ್ಳುವುದಿಲ್ಲ.